ಕಾರ್ಪೊರೇಟರ್ ಆಗುವುದು, ಆಗಿ ಉಳಿಯುವುದು

ಬೆಂಗಳೂರು, 2022ರ ಮಳೆಗಾಲ. ನಮ್ಮ ಕ್ರಾಸ್‌ನ ತಿರುವಿನಲ್ಲಿ ಮೋರಿ ಮೇಲಿನ ಚಪ್ಪಡಿ ಕಲ್ಲು ಮುರಿದು ಒಳಗೆ ಬಿತ್ತು. ಹಾಲು ತರೋಕೆ ಹೊರಟಿದ್ದ ಪಕ್ಕದ ಮನೆ ಅಜ್ಜಿ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅವರೂ ಒಳಗಿರುತ್ತಿದ್ದರು. ಅಜ್ಜಿ ಮನೆಗೆ ವಾಪಸ್ ಬಂದವರೇ ಅಡುಗೆಮನೆ ಬಾಗಿಲ ಹಿಂದೆ ತೂಗುಹಾಕಿದ್ದ ಹಳೇ ಕ್ಯಾಲೆಂಡರ್ ಹತ್ತಿರ ಹೋದರು. ಅದರ ತುದಿಯಲ್ಲಿ ನಮ್ಮ ವಾರ್ಡಿನ ಕಾರ್ಪೊರೇಟರ್ ಕೈ ಮುಗಿದು ನಿಂತಿರುವ ಫೋಟೊ, ಪಕ್ಕದಲ್ಲಿ ಫೋನ್ ನಂಬರ್.

"ಏನಪ್ಪಾ, ಮೋರಿ ಕಲ್ಲು ಮುರಿದುಬಿಟ್ಟಿದೆ. ಯಾರಾದ್ರೂ ಬಿದ್ದು ಕೈಕಾಲು ಮುರ್ಕೊಳೋ ಮುಂಚೆ ಬಂದು ನೋಡು."

ಅರ್ಧ ಗಂಟೆಯಲ್ಲಿ ಅವರು ಸ್ಕೂಟರ್‌ನಲ್ಲಿ ಬಂದರು. ಬಗ್ಗಿ ನೋಡಿದರು. ಪಕ್ಕದ ಕಟ್ಟಡದ ಕೆಲಸದವರಿಂದ ಎರಡು ಮರದ ಹಲಗೆ ತರಿಸಿ ಅಡ್ಡ ಇಡಿಸಿದರು. ಆಮೇಲೆ ಹೇಳಿದರು: "ಅಜ್ಜಿ, ನಾನೀಗ ಕಾರ್ಪೊರೇಟರ್ ಅಲ್ಲ. ಎರಡು ವರ್ಷ ಆಯ್ತು."

"ಹೌದಾ? ಮತ್ತೆ ಈಗ ಯಾರಪ್ಪಾ?"

"ಯಾರೂ ಇಲ್ಲ ಅಜ್ಜಿ."

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಇಷ್ಟು ದೊಡ್ಡ ಊರಿನಲ್ಲಿ, ಮನೆ ಬಾಗಿಲಿಗೆ ಬಂದು ಉತ್ತರ ಕೊಡಬೇಕಾದ ಜಾಗದಲ್ಲಿ ಯಾರೂ ಇಲ್ಲ ಅಂದರೆ ಏನರ್ಥ? ಕಾರ್ಪೊರೇಟರ್ ಅನ್ನುವ ಮನುಷ್ಯ ಎಲ್ಲಿಂದ ಬರುತ್ತಾನೆ, ಏನು ಮಾಡುತ್ತಾನೆ, ಆಮೇಲೆ ಎಲ್ಲಿಗೆ ಹೋಗುತ್ತಾನೆ? ವಾರ್ಡಿನ ಜನರ ಜೊತೆ, ಪಕ್ಷದ ಕಾರ್ಯಕರ್ತರ ಜೊತೆ ಮಾತಾಡುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಖಚಿತವಾಯಿತು. ಬೆಂಗಳೂರಿನ ವಾರ್ಡ್ ರಾಜಕಾರಣಿಯ ಏಳುಬೀಳು ಅವರ ದುಡಿಮೆಗಿಂತ ಜಾಸ್ತಿ ಬೇರೆಯವರ ಕೈಯಲ್ಲಿದೆ. ಮೀಸಲಾತಿ ಪಟ್ಟಿ, ವಾರ್ಡಿನ ನಕ್ಷೆ, ಶಾಸಕರ ಮನಸ್ಸು, ಚುನಾವಣೆಯ ದಿನಾಂಕ, ಈ ನಾಲ್ಕೂ ಅವರ ಕೈಯಲ್ಲಿಲ್ಲ. ಅದರ ಪೆಟ್ಟು ಕೊನೆಗೆ ಬೀಳುವುದು ಮೋರಿ ಪಕ್ಕ ನಡೆಯುವ ಅಜ್ಜಿಗೆ.

ಮೊದಲು, ಈ ಕುರ್ಚಿ ಎಲ್ಲಿಂದ ಬಂತು

ಬೆಂಗಳೂರಿಗೆ ಮುನಿಸಿಪಾಲಿಟಿ ಬಂದದ್ದು 1862ರಲ್ಲಿ. ಆಗ ಪೇಟೆಗೊಂದು, ದಂಡಿಗೊಂದು (ಅಂದರೆ ಕಂಟೋನ್ಮೆಂಟ್‌ಗೊಂದು) ಬೇರೆ ಬೇರೆ ಆಡಳಿತ. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಎರಡನ್ನೂ ಕೂಡಿಸಿ ಬೆಂಗಳೂರು ನಗರ ಕಾರ್ಪೊರೇಷನ್ ಮಾಡಿದರು. ಮೊದಲ ಮೇಯರ್ ಆರ್. ಸುಬ್ಬಣ್ಣ. 'ಕಾರ್ಪೊರೇಟರ್' ಅನ್ನುವ ಮಾತು ನಮ್ಮ ಬಾಯಿಗೆ ಹತ್ತಿದ್ದು ಹೀಗೆ. ಕಾಗದದಲ್ಲಿ 'ಪಾಲಿಕೆ ಸದಸ್ಯ' ಅಂತ ಬರೆದರೂ ಬೀದಿಯಲ್ಲಿ ಎಲ್ಲರಿಗೂ ಅವರು ಕಾರ್ಪೊರೇಟರೇ.

ಶುರುವಿನಲ್ಲಿ 50 ವಿಭಾಗಗಳಿದ್ದವು. 1990ರ ದಶಕದ ಹೊತ್ತಿಗೆ ಅವು 100 ವಾರ್ಡ್ ಆದವು. 2007ರಲ್ಲಿ ಊರು ಒಮ್ಮೆಲೇ ಹಿಗ್ಗಿತು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ಕೆ.ಆರ್. ಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ ಈ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿಗಳು ಹಳೇ ಪಾಲಿಕೆಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಆಯಿತು. ವಾರ್ಡ್‌ಗಳು 198 ಆದವು.

2011ರ ಜನಗಣತಿ ಪ್ರಕಾರ ಬಿಬಿಎಂಪಿ ವ್ಯಾಪ್ತಿಯಲ್ಲಿದ್ದವರು ಸುಮಾರು 84 ಲಕ್ಷ ಜನ. 198ರಿಂದ ಭಾಗಿಸಿದರೆ ಒಬ್ಬ ಕಾರ್ಪೊರೇಟರ್‌ಗೆ ಸರಾಸರಿ 42 ಸಾವಿರ ಜನ. ಇದು ಬರೀ ಸರಾಸರಿ. ಹೊರವಲಯದ ವಾರ್ಡುಗಳಲ್ಲಿ ಅಪಾರ್ಟ್‌ಮೆಂಟ್ ಎದ್ದ ಹಾಗೆಲ್ಲ ಜನ ತುಂಬುತ್ತಲೇ ಹೋದರು, ಹಳೇ ಪೇಟೆ ವಾರ್ಡುಗಳಲ್ಲಿ ಹಾಗಾಗಲಿಲ್ಲ. ನಮ್ಮ ಕಡೆಯ ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲಿ ಇರುವಷ್ಟು ಜನ ಒಂದೇ ವಾರ್ಡಿನಲ್ಲಿ. ಅಲ್ಲಿ ಅಷ್ಟು ಜನಕ್ಕೆ ಒಂದು ಇಡೀ ಪುರಸಭೆಯ ಸದಸ್ಯರಿರುತ್ತಾರೆ. ಇಲ್ಲಿ ಒಬ್ಬರು.

ಗಣೇಶನ ಪೆಂಡಾಲ್‌ನಿಂದ ಬಿ ಫಾರಂವರೆಗೆ

ಶಾಸಕರಾಗಲು 25 ವರ್ಷ ತುಂಬಿರಬೇಕು, ಕಾರ್ಪೊರೇಟರ್ ಆಗಲು 21 ಸಾಕು. ಕಾನೂನು ಕೇಳುವುದು ಇಷ್ಟು ಕಡಿಮೆ. ಬೀದಿ ಕೇಳುವುದು ತುಂಬಾ ಜಾಸ್ತಿ.

ಸಾಮಾನ್ಯವಾಗಿ ಇದು ಶುರುವಾಗುವುದು ಒಂದು ಯುವಕರ ಸಂಘದಿಂದ. ಗಣೇಶನ ಹಬ್ಬಕ್ಕೆ ಚಂದಾ ಎತ್ತುವುದು, ಅಣ್ಣಮ್ಮ ದೇವಿಯನ್ನು ಕೂರಿಸುವುದು, ನವೆಂಬರ್ ಬಂದರೆ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇಡಿಸುವುದು. ಹೆಸರು ಮೊದಲು ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಬರುತ್ತದೆ. ವರ್ಷ ಕಳೆದ ಹಾಗೆ ಮೇಲಕ್ಕೆ ಏರುತ್ತದೆ. ಆಮೇಲೆ ಪಕ್ಷದ ಬೂತ್ ಏಜೆಂಟ್, ವಾರ್ಡ್ ಅಧ್ಯಕ್ಷ. ಜೂನ್‌ನಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ನೋಟ್‌ಬುಕ್, ನಾಯಕರ ಹುಟ್ಟುಹಬ್ಬಕ್ಕೆ ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ.

ಆದರೆ ನಿಜವಾದ ಪರೀಕ್ಷೆ ಸಾವಿನ ಮನೆಯಲ್ಲಿ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರು ರಾತ್ರಿ ಎರಡು ಗಂಟೆಗೆ ತೀರಿಕೊಂಡರು. ಮಗ ಬೇರೆ ಊರಿನಲ್ಲಿದ್ದ, ಮನೆಯಲ್ಲಿ ಹೆಂಗಸರೇ. ಮೂರು ಗಂಟೆಗೆ ಐಸ್ ಬಾಕ್ಸ್ ಬಂತು. ಬೆಳಕು ಹರಿಯೋ ಹೊತ್ತಿಗೆ ಶಾಮಿಯಾನ, ಐವತ್ತು ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನ್. ಚಿತಾಗಾರದಲ್ಲಿ ಸಮಯ ಗೊತ್ತುಮಾಡಿದ್ದೂ ಆಗಿತ್ತು. ಇದನ್ನೆಲ್ಲ ಮಾಡಿದವರು ಆಗಿನ್ನೂ ಕಾರ್ಪೊರೇಟರ್ ಆಗಿರಲಿಲ್ಲ, ಆಗಬೇಕು ಅಂತಿದ್ದವರು. ಆ ಮನೆಯವರು ಆಮೇಲೆ ಪಕ್ಷ ನೋಡಿ ವೋಟು ಹಾಕಲಿಲ್ಲ. ಇದನ್ನು ಓಟಿನ ಲೆಕ್ಕಾಚಾರ ಅಂತ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ರಾತ್ರಿ ಆ ಹೆಂಗಸರ ಜೊತೆ ಬೇರೆ ಯಾರೂ ಇರಲಿಲ್ಲ.

ಹತ್ತು ವರ್ಷ ಹೀಗೆ ದುಡಿದ ಮೇಲೆ ಟಿಕೆಟ್ ಸಿಗುತ್ತದಾ? ಖಾತ್ರಿ ಇಲ್ಲ. ಟಿಕೆಟ್ ಅಂದರೆ ಬಿ ಫಾರಂ. ಪಕ್ಷದ ಚಿಹ್ನೆ ಕೊಡಿಸುವ ಆ ಒಂದು ಹಾಳೆಗೆ ಎಲ್ಲರೂ ಕಾಯುತ್ತಾರೆ. ಅದರ ಮೇಲೆ ಸಹಿ ಹಾಕುವವರು ಪಕ್ಷದ ಮುಖಂಡರಾದರೂ, ಹೆಸರು ಹೇಳುವವರು ಬಹುಪಾಲು ಆ ಕ್ಷೇತ್ರದ ಶಾಸಕರು, ಇಲ್ಲವೇ ಶಾಸಕ ಸ್ಥಾನಕ್ಕೆ ನಿಂತು ಸೋತವರು. ಇಲ್ಲಿ ಒಂದು ಸೂಕ್ಷ್ಮ ಇದೆ. ಶಾಸಕರಿಗೆ ವಾರ್ಡಿನಲ್ಲಿ ಗಟ್ಟಿ ಆಳು ಬೇಕು, ಇಲ್ಲದಿದ್ದರೆ ವಿಧಾನಸಭೆ ಚುನಾವಣೆಯಲ್ಲಿ ಬೂತ್ ಕೈಬಿಡುತ್ತದೆ. ಆದರೆ ಆಳು ತುಂಬಾ ಗಟ್ಟಿಯಾದರೂ ಕಷ್ಟ, ನಾಳೆ ತನ್ನ ಸೀಟಿಗೇ ಬರಬಹುದು. ಹಾಗಾಗಿ ಚೆನ್ನಾಗಿ ಕೆಲಸ ಮಾಡಿದ ಕಾರ್ಪೊರೇಟರ್‌ಗೆ ಎರಡನೇ ಸಲ ಟಿಕೆಟ್ ತಪ್ಪಿದರೆ ವಾರ್ಡಿನವರು ಆಶ್ಚರ್ಯ ಪಡುವುದಿಲ್ಲ.

ಟಿಕೆಟ್‌ಗಿಂತ ಮುಂಚೆ ಇನ್ನೊಂದು ಗಂಡಾಂತರ ಇದೆ: ಮೀಸಲಾತಿ ಪಟ್ಟಿ. ಯಾವ ವಾರ್ಡ್ ಸಾಮಾನ್ಯ, ಯಾವುದು ಹಿಂದುಳಿದ ವರ್ಗ, ಯಾವುದು ಪರಿಶಿಷ್ಟ ಜಾತಿ, ಯಾವುದು ಮಹಿಳೆ ಅಂತ ಪ್ರತಿ ಚುನಾವಣೆಗೂ ಸರ್ಕಾರ ಹೊಸ ಪಟ್ಟಿ ಹೊರಡಿಸುತ್ತದೆ. ಐದು ವರ್ಷ ವಾರ್ಡಿನಲ್ಲಿ ಓಡಾಡಿದ ಮನುಷ್ಯ ಒಂದು ಬೆಳಗ್ಗೆ ಪೇಪರ್ ತೆಗೆದು ನೋಡಿದರೆ ತನ್ನ ವಾರ್ಡ್ ತನ್ನ ಕೈ ತಪ್ಪಿ ಹೋಗಿರುತ್ತದೆ. ಮೀಸಲಾತಿ ಬೇಕೇ ಬೇಕು. ಅದಿಲ್ಲದಿದ್ದರೆ ಈ ಊರಿನ ಕೌನ್ಸಿಲ್‌ಗೆ, ಅಂದರೆ ಆರಿಸಿ ಬಂದ ಸದಸ್ಯರ ಸಭೆಗೆ, ಎಷ್ಟೋ ಸಮುದಾಯಗಳು ಕಾಲೇ ಇಡುತ್ತಿರಲಿಲ್ಲ. ತಕರಾರು ಇರುವುದು ಪಟ್ಟಿ ತಯಾರಾಗುವ ರೀತಿಯ ಬಗ್ಗೆ. ಯಾವ ವಾರ್ಡ್ ಯಾರಿಗೆ ಅನ್ನುವುದರಲ್ಲಿ ಆಡಳಿತ ಪಕ್ಷ ತನಗೆ ಬೇಕಾದ ಹಾಗೆ ಕೈಯಾಡಿಸಿದೆ ಅಂತ ಪ್ರತಿ ಸಲವೂ ದೂರು ಬರುತ್ತದೆ, ಪ್ರತಿ ಸಲವೂ ಅದು ಕೋರ್ಟ್ ಮೆಟ್ಟಿಲು ಹತ್ತುತ್ತದೆ.

2015ರ ಚುನಾವಣೆಯಲ್ಲಿ ಅರ್ಧದಷ್ಟು ವಾರ್ಡುಗಳು ಹೆಣ್ಣುಮಕ್ಕಳಿಗೆ ಮೀಸಲಾಗಿದ್ದವು. ಆಗ ಎಷ್ಟೋ ಕಡೆ ಮಾಜಿ ಕಾರ್ಪೊರೇಟರ್ ತನ್ನ ಹೆಂಡತಿಯನ್ನೋ ಅತ್ತಿಗೆಯನ್ನೋ ನಿಲ್ಲಿಸಿದರು. ಗೆದ್ದವರು ಅಕ್ಕ, ಫೋನ್ ಎತ್ತುವವರು ಅಣ್ಣ. ಬ್ಯಾನರ್‌ನಲ್ಲಿ ಇಬ್ಬರದೂ ಫೋಟೊ, ಅಣ್ಣನದು ಸ್ವಲ್ಪ ದೊಡ್ಡದು. ಇದು ನನಗೆ ಬೇಜಾರು ತರುವ ವಿಷಯ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನ್ಯಾಯ ಆಗುವುದಿಲ್ಲ. ಮೊದಲ ವರ್ಷ ಗಂಡನ ಹಿಂದೆ ನಿಲ್ಲುತ್ತಿದ್ದವರು ಮೂರನೇ ವರ್ಷ ಎಂಜಿನಿಯರ್‌ಗೆ ತಾವೇ ಫೋನ್ ಮಾಡಿ ಗದರಿದ್ದನ್ನೂ ನೋಡಿದ್ದೇವೆ. ತಮ್ಮದೇ ಬಲದಲ್ಲಿ ಬೆಳೆದವರೂ ಇದ್ದಾರೆ. ಪ್ರಕಾಶನಗರದ ಜಿ. ಪದ್ಮಾವತಿ 2016ರಲ್ಲಿ ಮೇಯರ್ ಆದಾಗ ಪಾಲಿಕೆಗೆ ಹೊಸಬರೇನೂ ಆಗಿರಲಿಲ್ಲ. 2018ರಲ್ಲಿ ಮೇಯರ್ ಆದ ಜಯನಗರದ ಗಂಗಾಂಬಿಕೆ ಮಲ್ಲಿಕಾರ್ಜುನ್, ಪ್ಲಾಸ್ಟಿಕ್ ಸುತ್ತಿದ್ದ ಒಣಹಣ್ಣಿನ ಬುಟ್ಟಿಯನ್ನು ಮುಖ್ಯಮಂತ್ರಿಗೆ ಉಡುಗೊರೆ ಕೊಟ್ಟಿದ್ದಕ್ಕೆ ಪಾಲಿಕೆ ನಿಯಮದ ಪ್ರಕಾರ ತಾವೇ 500 ರೂಪಾಯಿ ದಂಡ ಕಟ್ಟಿದರು. ಸಣ್ಣ ಮೊತ್ತ ಇರಬಹುದು. ನಿಯಮ ಮಾಡಿದ ಮನೆಯ ಯಜಮಾನಿ ಸಾಲಿನಲ್ಲಿ ನಿಂತು ರಸೀದಿ ತೆಗೆದುಕೊಂಡ ಹಾಗೆ ಅದು.

ಗೆದ್ದ ಮೇಲೆ ಕೈಯಲ್ಲಿ ಏನಿರುತ್ತದೆ

ಕಾರ್ಪೊರೇಟರ್‌ಗೆ ಸಿಗುವ ಗೌರವಧನ ತಿಂಗಳಿಗೆ ಕೆಲವೇ ಸಾವಿರ ರೂಪಾಯಿ. ಮನೆ ಮುಂದೆ ನಿಲ್ಲುವ ಜನಕ್ಕೆ ಕಾಫಿ ಕೊಡಿಸುವುದಕ್ಕೂ ಅದು ಸಾಲದು. ಹಾಗಾದರೆ ಖರ್ಚು ಎಲ್ಲಿಂದ? ಈ ಪ್ರಶ್ನೆಯಿಂದ ತಪ್ಪಿಸಿಕೊಂಡು ವಾರ್ಡ್ ರಾಜಕೀಯದ ಬಗ್ಗೆ ಬರೆಯಲು ಆಗುವುದಿಲ್ಲ. ಕೆಲವರಿಗೆ ಸ್ವಂತ ವ್ಯಾಪಾರ ಇರುತ್ತದೆ, ಕೆಲವರಿಗೆ ಬಾಡಿಗೆ ಮನೆಗಳು, ರಿಯಲ್ ಎಸ್ಟೇಟ್. ಇನ್ನು ಕೆಲವು ಕಡೆ ಹಣ ಬರುವುದು ಕಾಮಗಾರಿಯ ದಾರಿಯಲ್ಲಿ. ಆ ದಾರಿ ಹೇಗಿದೆ ಅಂತ ಗೊತ್ತಿದ್ದರೆ ಕಾರ್ಪೊರೇಟರ್ ಅಧಿಕಾರವೂ ಗೊತ್ತಾಗುತ್ತದೆ.

ಅಜ್ಜಿಯ ಮೋರಿಯನ್ನೇ ತೆಗೆದುಕೊಳ್ಳಿ. ಒಂದು ಚಪ್ಪಡಿ ಬದಲಿಸುವುದು ನಿರ್ವಹಣೆ ಕೆಲಸ, ವಾರ್ಡಿನ ಸಹಾಯಕ ಎಂಜಿನಿಯರ್ ಹಂತದಲ್ಲೇ ಮುಗಿಯಬಹುದು. ಇಡೀ ಬೀದಿಯ ಮೋರಿ ಹೊಸದಾಗಿ ಕಟ್ಟಬೇಕು ಅಂದರೆ ಕಥೆ ಬೇರೆ. ಮೊದಲು ಎಂಜಿನಿಯರ್ ಬಂದು ಟೇಪ್ ಹಿಡಿದು ಅಳೆದು ಎಸ್ಟಿಮೇಟ್ ಹಾಕಬೇಕು. ವಾರ್ಡಿನ ಕಾಮಗಾರಿ ಪಟ್ಟಿಯಲ್ಲಿ ಅದು ಸೇರಬೇಕು. ಆ ಪಟ್ಟಿ ಬಜೆಟ್ ಹಣಕ್ಕೆ ಹೊಂದಬೇಕು. ಮಂಜೂರಾದರೆ ಅದಕ್ಕೆ ಒಂದು ಜಾಬ್ ನಂಬರ್ ಬೀಳುತ್ತದೆ: ವಾರ್ಡ್ ಸಂಖ್ಯೆ, ವರ್ಷ, ಕ್ರಮಸಂಖ್ಯೆ. ಈ ನಂಬರ್ ಇಲ್ಲದ ಕೆಲಸ ಪಾಲಿಕೆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆಮೇಲೆ ಟೆಂಡರ್, ವರ್ಕ್ ಆರ್ಡರ್, ಕೆಲಸ, ಅಳತೆ ಪುಸ್ತಕ, ಕೊನೆಗೆ ಬಿಲ್. ಬಿಲ್ ಪಾಸಾಗಲು ಗುತ್ತಿಗೆದಾರರು ವರ್ಷಗಟ್ಟಲೆ ಕಾದಿರುವುದು ಉಂಟು.

ಈ ಸರಪಳಿಯಲ್ಲಿ ಕಾರ್ಪೊರೇಟರ್ ಎಲ್ಲೂ ಸಹಿ ಹಾಕುವ ಅಧಿಕಾರಿ ಅಲ್ಲ. ಆದರೆ ಪಟ್ಟಿಯಲ್ಲಿ ಯಾವ ಬೀದಿ ಮೇಲೆ, ಯಾವುದು ಕೆಳಗೆ ಅನ್ನುವಾಗ ಅವರ ಮಾತು ನಡೆಯುತ್ತದೆ. ಫೈಲ್ ಎಲ್ಲಿ ನಿಂತಿದೆ ಅಂತ ಹಿಂದೆ ಬಿದ್ದು ಕೇಳುವವರೂ ಅವರೇ. ಒಳ್ಳೆ ಕಾರ್ಪೊರೇಟರ್ ಅಂದರೆ ಏನು ಅಂತ ಒಬ್ಬ ಹಳೇ ಗುತ್ತಿಗೆದಾರರನ್ನು ಕೇಳಿದಾಗ, "ಫೈಲ್ ಜೊತೆ ನಡೆಯೋರು" ಅಂದರು. ಕೆಟ್ಟವರು ಯಾರು ಅಂತ ನಾನು ಕೇಳಲಿಲ್ಲ, ಅವರೇ ಹೇಳಿದರು: "ಫೈಲ್ ಮುಂದೆ ಕೈಚಾಚಿ ನಿಲ್ಲೋರು."

ಇನ್ನೊಂದು ಕೆಲಸ ಬೆಳಗ್ಗೆ ಆರೂವರೆಗೆ ಶುರುವಾಗುತ್ತದೆ. ಪೌರಕಾರ್ಮಿಕರು ಹಾಜರಿ ಹಾಕುವ ಮಸ್ಟರಿಂಗ್ ಜಾಗಕ್ಕೆ ಹೋಗಿ ನಿಲ್ಲುವುದು. ಎಷ್ಟು ಜನ ಬಂದರು, ಯಾವ ಆಟೊ ಟಿಪ್ಪರ್ ಕೆಟ್ಟು ನಿಂತಿದೆ, ಯಾವ ಮೂಲೆಯಲ್ಲಿ ರಾತ್ರಿ ಮತ್ತೆ ಕಸ ಸುರಿದಿದ್ದಾರೆ. 2012ರಲ್ಲಿ ಮಾವಳ್ಳಿಪುರದವರು, 2014ರಲ್ಲಿ ಮಂಡೂರಿನವರು ನಮ್ಮೂರಿಗೆ ನಿಮ್ಮ ಕಸ ಬೇಡ ಅಂತ ಎದ್ದು ನಿಂತಾಗ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ಗುಡ್ಡೆ ಬಿತ್ತಲ್ಲ, ಆಗ ಬೈಗುಳ ತಿಂದವರಲ್ಲಿ ಮೊದಲಿಗರು ಕಾರ್ಪೊರೇಟರ್‌ಗಳು. ದಿನಾ ಬೆಳಗ್ಗೆ ಆ ಜಾಗಕ್ಕೆ ಹೋಗುವವರು ಯಾರು, ಹೋಗದವರು ಯಾರು ಅಂತ ವಾರ್ಡಿಗೆ ಗೊತ್ತಿರುತ್ತದೆ.

ಇನ್ನು ಅವರ ಕೈಯಲ್ಲಿ ಇಲ್ಲದ್ದು. ಜನ ಕಾರ್ಪೊರೇಟರ್ ಮನೆಗೆ ತರುವ ದೂರುಗಳಲ್ಲಿ ಎಷ್ಟೋ ಪಾಲಿಕೆಗೆ ಸೇರಿದ್ದೇ ಅಲ್ಲ. ನೀರು, ಒಳಚರಂಡಿ ಜಲಮಂಡಳಿಯದು, ಅದು 1964ರಿಂದ ಬೇರೆ ಸಂಸ್ಥೆ. ಬಡಾವಣೆ, ನಗರದ ಮಾಸ್ಟರ್ ಪ್ಲಾನ್ 1976ರಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕೈಯಲ್ಲಿತ್ತು. ಕರೆಂಟ್ ಬೆಸ್ಕಾಂ, ಬಸ್ಸು ಬಿಎಂಟಿಸಿ, ಸಿಗ್ನಲ್ ಸಂಚಾರ ಪೊಲೀಸ್. ಇವೆಲ್ಲ ಉತ್ತರ ಕೊಡುವುದು ರಾಜ್ಯ ಸರ್ಕಾರಕ್ಕೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರ ಜೊತೆ ಬಂದ 12ನೇ ಅನುಸೂಚಿ, ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ಜವಾಬ್ದಾರಿಗಳನ್ನು ಪಟ್ಟಿ ಮಾಡಿತು. ನಗರ ಯೋಜನೆಯೂ ಅದರಲ್ಲಿದೆ, ನೀರು ಪೂರೈಕೆಯೂ ಇದೆ. ಬೆಂಗಳೂರಿನಲ್ಲಿ ಅವೆರಡೂ ಕೌನ್ಸಿಲ್ ಕೈಗೆ ಬರಲಿಲ್ಲ. ಇದು ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಲ್ಲಿಯಲ್ಲಿ ನೀರು ಬರದಿದ್ದರೆ ವೋಟು ಕೇಳಿದವರ ಮನೆಗೇ ಹೋಗುತ್ತೇವೆ, ಅಲ್ವಾ? ಅವರು ಜಲಮಂಡಳಿ ಎಂಜಿನಿಯರ್‌ಗೆ ಫೋನ್ ಮಾಡಿ ಕೇಳಿಕೊಳ್ಳುತ್ತಾರೆ. ಹೌದು, ಕೇಳಿಕೊಳ್ಳುತ್ತಾರೆ. ಆದೇಶ ಕೊಡುವ ಹಕ್ಕು ಅವರಿಗಿಲ್ಲ.

ಇದೇ 74ನೇ ತಿದ್ದುಪಡಿ ವಾರ್ಡ್ ಸಮಿತಿಯ ದಾರಿಯನ್ನೂ ತೆರೆಯಿತು. ಕಾರ್ಪೊರೇಟರ್ ಅಧ್ಯಕ್ಷತೆಯಲ್ಲಿ ವಾರ್ಡಿನ ಹತ್ತು ಜನ ತಿಂಗಳಿಗೊಮ್ಮೆ ಕೂತು ಕಾಮಗಾರಿ, ಕಸ, ಬೀದಿ ದೀಪ ಚರ್ಚಿಸಬೇಕು. ಬಹಳ ವರ್ಷ ಇದು ಕಾಗದದಲ್ಲೇ ಇತ್ತು. ಹೈಕೋರ್ಟ್ ಒತ್ತಾಯ, ನಾಗರಿಕರ ಹಟ ಎರಡೂ ಸೇರಿ ಕೊನೆಗೆ ಸಮಿತಿಗಳು ಬಂದವು. ಎಷ್ಟೋ ಕಾರ್ಪೊರೇಟರ್‌ಗಳು ಅದನ್ನು ತಮ್ಮ ಮೇಲಿನ ಕಾವಲು ಅಂತ ನೋಡಿದರು. ನನ್ನ ಪ್ರಕಾರ ಅದು ಅವರಿಗೆ ರಕ್ಷೆ. ಹಣ ಎಷ್ಟು ಬಂತು ಅಂತ ಹತ್ತು ಜನಕ್ಕೆ ಗೊತ್ತಿದ್ದರೆ, ನಿನ್ನ ಬೀದಿಗೆ ಯಾಕೆ ಆಗಲಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಹೇಳಲು ಹನ್ನೊಂದು ಬಾಯಿ ಇರುತ್ತಿತ್ತು.

ಗೌನು, ಹಾರ, ಮತ್ತು ಒಂದು ವರ್ಷ

ಕಾರ್ಪೊರೇಟರ್ ಆದವರ ಮುಂದಿನ ಮೆಟ್ಟಿಲು ಸ್ಥಾಯಿ ಸಮಿತಿ. ಬಿಬಿಎಂಪಿಯಲ್ಲಿ 12 ಇದ್ದವು: ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಕಾಮಗಾರಿ, ಶಿಕ್ಷಣ, ತೋಟಗಾರಿಕೆ ಹೀಗೆ. ಅಧ್ಯಕ್ಷರಾದರೆ ಒಂದು ಕೊಠಡಿ, ಒಂದು ಕಾರು, ಅಧಿಕಾರಿಗಳನ್ನು ಕರೆಸಿ ಕೇಳುವ ಬಲ. ಬಜೆಟ್ ಮಂಡಿಸುವವರು ತೆರಿಗೆ ಮತ್ತು ಹಣಕಾಸು ಸಮಿತಿಯ ಅಧ್ಯಕ್ಷರು, ಆದ್ದರಿಂದ ಅದಕ್ಕೆ ಪೈಪೋಟಿ ಜಾಸ್ತಿ.

ಅದರ ಮೇಲೆ ಮೇಯರ್. ಹಡ್ಸನ್ ವೃತ್ತದ ಕೇಂದ್ರ ಕಚೇರಿ, ಕೆಂಪೇಗೌಡ ಪೌರ ಸಭಾಂಗಣ, ಮೈಮೇಲೆ ಗೌನು, ಕೊರಳಲ್ಲಿ ಸರ. ನೋಡಲು ಊರಿನ ದೊರೆ. ಆದರೆ ಬಿಬಿಎಂಪಿಯಲ್ಲಿ ಅವಧಿ ಒಂದೇ ವರ್ಷ ಇತ್ತು. 2010ರಿಂದ 2015ರವರೆಗೆ ಎಸ್.ಕೆ. ನಟರಾಜ್, ಶಾರದಮ್ಮ, ಡಿ. ವೆಂಕಟೇಶಮೂರ್ತಿ, ಬಿ.ಎಸ್. ಸತ್ಯನಾರಾಯಣ, ಎನ್. ಶಾಂತಕುಮಾರಿ. 2015ರಿಂದ 2020ರವರೆಗೆ ಬಿ.ಎನ್. ಮಂಜುನಾಥ ರೆಡ್ಡಿ, ಜಿ. ಪದ್ಮಾವತಿ, ಆರ್. ಸಂಪತ್‌ರಾಜ್, ಗಂಗಾಂಬಿಕೆ ಮಲ್ಲಿಕಾರ್ಜುನ್, ಎಂ. ಗೌತಮ್ ಕುಮಾರ್. ಹತ್ತು ವರ್ಷಕ್ಕೆ ಹತ್ತು ಮೇಯರ್. ಒಂದು ರಾಜಕಾಲುವೆ ಕಾಮಗಾರಿ ಟೆಂಡರ್‌ನಿಂದ ಮುಗಿಯುವವರೆಗೆ ಮೂರು ಮೇಯರ್ ಬದಲಾಗಿರುತ್ತಿದ್ದರು. ಎಲ್ಲ ಕಡತದ ಮೇಲೂ ಕೂತಿರುವ ಆಯುಕ್ತರು ಸರ್ಕಾರ ನೇಮಿಸಿದ ಐಎಎಸ್ ಅಧಿಕಾರಿ.

ಆ ಒಂದು ವರ್ಷವೂ ಬರೀ ಕೌನ್ಸಿಲ್ ಬಲದಿಂದ ಸಿಗುತ್ತಿರಲಿಲ್ಲ. 2015ರ ಆಗಸ್ಟ್ 22ರ ಚುನಾವಣೆಯಲ್ಲಿ ಬಿಜೆಪಿ 198ರಲ್ಲಿ 100 ಗೆದ್ದಿತು, ಕಾಂಗ್ರೆಸ್ 76, ಜೆಡಿಎಸ್ 14. ಸರಳ ಲೆಕ್ಕದಲ್ಲಿ ಬಿಜೆಪಿಗೆ ಬಹುಮತ. ಆದರೆ ಮೇಯರ್ ಚುನಾವಣೆಯಲ್ಲಿ ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ವೋಟು ಇತ್ತು. ಕಾಂಗ್ರೆಸ್, ಜೆಡಿಎಸ್ ಕೈಜೋಡಿಸಿದವು, ಪಕ್ಷೇತರರೂ ಜೊತೆಯಾದರು, ಮೇಯರ್ ಕುರ್ಚಿ ಕಾಂಗ್ರೆಸ್‌ಗೆ ಹೋಯಿತು. ಯಾವ ಪಕ್ಷ ಗೆದ್ದಿತು ಅನ್ನುವುದು ಬೇರೆ ಮಾತು. ವಾರ್ಡಿನ ಜನ ಕೊಟ್ಟ ಲೆಕ್ಕವನ್ನು ಬೇರೆ ಮನೆಯವರ ವೋಟು ತಿರುಗಿಸಬಹುದು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಮೇಯರ್ ಆದ ಮೇಲೆ? ಜನ ಅಂದುಕೊಳ್ಳುವುದು, ಇನ್ನೇನು ಶಾಸಕರಾಗುತ್ತಾರೆ ಅಂತ. ಕಾರ್ಪೊರೇಟರ್ ಆಗಿದ್ದು ಹಾಗೆ ಆದವರು ಇದ್ದಾರೆ. ಪಾಲಿಕೆಯಿಂದ ಶುರು ಮಾಡಿದ ವಿ. ಸೋಮಣ್ಣ ಬಿನ್ನಿಪೇಟೆಯಿಂದ ವಿಧಾನಸಭೆಗೆ ಹೋದರು, ರಾಜ್ಯದಲ್ಲಿ ಮಂತ್ರಿಯಾದರು, 2024ರಲ್ಲಿ ತುಮಕೂರಿನಿಂದ ಗೆದ್ದು ಕೇಂದ್ರದಲ್ಲಿ ರಾಜ್ಯ ಸಚಿವರಾದರು. 2010ರಲ್ಲಿ ಯಶವಂತಪುರ ವಾರ್ಡಿನಿಂದ ಗೆದ್ದ ಮುನಿರತ್ನ 2013ರಲ್ಲಿ ರಾಜರಾಜೇಶ್ವರಿನಗರದ ಶಾಸಕರಾದರು. ಆದರೆ ಮೇಯರ್ ಗೌನು ಮಾತ್ರ ಅಂಥ ದೊಡ್ಡ ಏಣಿ ಆಗಲಿಲ್ಲ. 2018ರ ವಿಧಾನಸಭೆ ಚುನಾವಣೆಯಲ್ಲಿ ಸಂಪತ್‌ರಾಜ್ ಮೇಯರ್ ಆಗಿರುವಾಗಲೇ ಸಿ.ವಿ. ರಾಮನ್ ನಗರದಿಂದ ನಿಂತು ಸೋತರು. ಹಿಂದಿನ ವರ್ಷದ ಮೇಯರ್ ಪದ್ಮಾವತಿ ರಾಜಾಜಿನಗರದಿಂದ ನಿಂತು ಸೋತರು. ಕಾರಣ ಹುಡುಕುವುದು ಕಷ್ಟ ಅಲ್ಲ. ಆಗ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಏಳೆಂಟು ವಾರ್ಡ್ ಇದ್ದವು. ಒಂದು ವಾರ್ಡಿನಲ್ಲಿ ಹತ್ತು ವರ್ಷ ಕಟ್ಟಿದ ನಂಟು ಪಕ್ಕದ ವಾರ್ಡಿನಲ್ಲಿ ನಡೆಯುವುದಿಲ್ಲ. ಅಲ್ಲಿಯ ಸಾವಿನ ಮನೆಗೆ ಹೋದವರು ಬೇರೆ ಯಾರೋ.

ಪಾಲಿಕೆಯಿಂದ ಬೇರೆ ದಾರಿ ಹಿಡಿದವರೂ ಉಂಟು. 1960ರ ದಶಕದಲ್ಲಿ ಮೇಯರ್ ಆಗಿದ್ದ ಜಿ. ನಾರಾಯಣ ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿ ಸುಮಾರು ಒಂಬತ್ತು ವರ್ಷ ದುಡಿದರು. ಊರಿನ ಕೆಲಸ, ನುಡಿಯ ಕೆಲಸ ಎರಡನ್ನೂ ಒಂದೇ ಜೀವನದಲ್ಲಿ ಮಾಡಿದವರು ಅವರು.

ಕುರ್ಚಿಯೇ ಇಲ್ಲದ ವರ್ಷಗಳು

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. "ಈಗ ಯಾರಪ್ಪಾ?"

ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿದೆ. ನಗರ ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ಬೆಂಗಳೂರಿನಲ್ಲಿ ನಡೆದದ್ದು ನೋಡಿ. 2001ರಲ್ಲಿ ಆರಿಸಿ ಬಂದ ಕೌನ್ಸಿಲ್ 2006ರ ನವೆಂಬರ್‌ನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚ್ 28ಕ್ಕೆ. ನಡುವೆ ಮೂರು ವರ್ಷಕ್ಕಿಂತ ಜಾಸ್ತಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಆಳ್ವಿಕೆ. 2015ರಲ್ಲಿ ಗೆದ್ದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮತ್ತೆ ಆಡಳಿತಾಧಿಕಾರಿ. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ 198 ವಾರ್ಡುಗಳಿಗೇ ಬೇಗ ಚುನಾವಣೆ ಮಾಡಿ ಅಂತ ಹೇಳಿತು. ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಗಿ ಅದಕ್ಕೆ ತಡೆ ತಂದಿತು.

ಆಮೇಲೆ ನಕ್ಷೆಯ ಸರದಿ. ಬಿಬಿಎಂಪಿಗೆ ಅಂತಲೇ 2020ರ ಕಾಯ್ದೆ ಬಂತು, ವಾರ್ಡ್ 243 ಆದವು. ಸರ್ಕಾರ ಬದಲಾಯಿತು, 2023ರಲ್ಲಿ 225 ಆದವು. ಕೊನೆಗೆ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಯಾಯಿತು. ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆಗಳಾದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷ. ವಾರ್ಡ್‌ಗಳು 369: ಪಶ್ಚಿಮದಲ್ಲಿ 112, ಉತ್ತರ ಮತ್ತು ದಕ್ಷಿಣದಲ್ಲಿ ತಲಾ 72, ಕೇಂದ್ರದಲ್ಲಿ 63, ಪೂರ್ವದಲ್ಲಿ 50.

ವಾರ್ಡ್ ಚಿಕ್ಕದಾದದ್ದು ಒಳ್ಳೆಯದೇ. 2011ರ ಲೆಕ್ಕದಲ್ಲೇ ನೋಡಿದರೆ ಒಂದು ವಾರ್ಡಿಗೆ ಸರಾಸರಿ 23 ಸಾವಿರ ಜನ ಬರುತ್ತಾರೆ, ಹಿಂದಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕಾರ್ಪೊರೇಟರ್‌ಗೆ ಎಲ್ಲ ಬೀದಿ ಗೊತ್ತಿರುವಷ್ಟು ಚಿಕ್ಕದು. ಆದರೆ ಐದು ವರ್ಷದಲ್ಲಿ ನಾಲ್ಕು ನಕ್ಷೆ ಅಂದರೆ ವಾರ್ಡಿನ ಆಳಿಗೆ ಏನಾಗುತ್ತದೆ ಯೋಚಿಸಿ. ಒಂದು ನಕ್ಷೆಯಲ್ಲಿ ನಮ್ಮ ಕ್ರಾಸ್ ಅವರ ವಾರ್ಡಿನಲ್ಲಿತ್ತು. ಇನ್ನೊಂದರಲ್ಲಿ ಮುಖ್ಯರಸ್ತೆಯ ಆಚೆಗೆ ಹೋಯಿತು. ಮತ್ತೊಂದರಲ್ಲಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ಯಾರ ಮನೆಗೆ ನೋಟ್‌ಬುಕ್ ಕೊಡಬೇಕು, ಯಾವ ಗಣೇಶನಿಗೆ ಹೋಗಬೇಕು ಅಂತಲೇ ತಿಳಿಯದು. ಸ್ವಂತ ದುಡ್ಡಿದ್ದವರು ಕಾಯುತ್ತಾರೆ. ಇಲ್ಲದವರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ಹೀಗೆ ಕಾಯಲು ಆಗದೆ ಹಿಂದೆ ಸರಿದ ಇಬ್ಬರನ್ನು ನಾನು ಬಲ್ಲೆ. ಇಬ್ಬರೂ ಬಡ ಮನೆಯವರು, ಇಬ್ಬರೂ ಜನಕ್ಕೆ ಬೇಕಾದವರು. ಈ ಕಾಯಿಸುವ ಆಟದಲ್ಲಿ ಅಂಥವರನ್ನೇ ಮೊದಲು ಕಳೆದುಕೊಳ್ಳುತ್ತೇವೆ.

2006ರ ನವೆಂಬರ್‌ನಿಂದ 2025ರ ಸೆಪ್ಟೆಂಬರ್‌ವರೆಗೆ ಲೆಕ್ಕ ಹಾಕಿ. ಸುಮಾರು 19 ವರ್ಷ. ಅದರಲ್ಲಿ ಎಂಟು ವರ್ಷಕ್ಕಿಂತ ಜಾಸ್ತಿ ಬೆಂಗಳೂರಿಗೆ ಆರಿಸಿ ಬಂದ ಕೌನ್ಸಿಲ್ ಇರಲಿಲ್ಲ. ಆ ವರ್ಷಗಳಲ್ಲಿ ವಾರ್ಡಿನ ಹಣ ಎಲ್ಲಿಗೆ ಅಂತ ನಿರ್ಧರಿಸಿದವರು ಶಾಸಕರು ಮತ್ತು ಅಧಿಕಾರಿಗಳು. ಚುನಾವಣೆ ಮುಂದಕ್ಕೆ ಹೋಗುವುದು ಯಾರಿಗೆ ಅನುಕೂಲ ಅನ್ನುವುದಕ್ಕೆ ಬೇರೆ ಉತ್ತರ ಬೇಕಾಗಿಲ್ಲ, ಇದರಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ. ನಮ್ಮ ಪಾಲೂ ಇದೆ. 2010ರಲ್ಲೂ 2015ರಲ್ಲೂ ನಗರದ ಮತದಾರರಲ್ಲಿ ಅರ್ಧದಷ್ಟು ಜನ ಕೂಡ ವೋಟು ಹಾಕಲು ಹೋಗಲಿಲ್ಲ.

ನಮ್ಮ ಮೋರಿಯ ವಿಷಯ ಏನಾಯಿತು ಅಂದರೆ, ಮಾಜಿ ಕಾರ್ಪೊರೇಟರ್ ಅಲ್ಲೇ ನಿಂತು ಎಂಜಿನಿಯರ್‌ಗೆ ಫೋನ್ ಹಚ್ಚಿದರು. ಅವರಿಗೆ ವರ್ಗ ಆಗಿತ್ತು. ಹೊಸಬರ ನಂಬರ್ ಹುಡುಕಿ ಮಾತಾಡಿದರು, ನೋಡೋಣ ಅಂದರಂತೆ. ಎರಡನೇ ವಾರ ಮತ್ತೆ ಮಾಡಿದರು. ಮೂರನೇ ವಾರ ಅಜ್ಜಿಯೇ ಅವರಿಗೆ ನೆನಪಿಸಿದರು. ತಿಂಗಳು ಕಳೆದ ಮೇಲೆ ಅವರು ಹಳೇ ಪರಿಚಯದ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಬಂದು, ತಮ್ಮ ಕೈಯಿಂದಲೇ ದುಡ್ಡು ಕೊಟ್ಟು ಚಪ್ಪಡಿ ಹಾಕಿಸಿದರು. ಸಿಮೆಂಟ್ ಹಸಿ ಇರುವಾಗ ಅಜ್ಜಿ ಕಾಫಿ ತಂದುಕೊಟ್ಟು, "ಮುಂದಿನ ಸಲ ನಿಂತ್ಕೋ ಅಪ್ಪ, ನಿಂಗೇ ಹಾಕ್ತೀನಿ" ಅಂದರು. ಅವರು ಲೋಟ ಹಿಡಿದು, "ಮುಂದಿನ ಸಲ ಯಾವಾಗ ಅಂತ ಗೊತ್ತಾದ್ರೆ ಹೇಳ್ತೀನಿ ಅಜ್ಜಿ" ಅಂದರು. ಆಮೇಲೆ ಮೇಸ್ತ್ರಿಗೆ ಕೂಲಿ ಎಣಿಸಿಕೊಟ್ಟು ಸ್ಕೂಟರ್ ಸ್ಟಾರ್ಟ್ ಮಾಡಿದರು.